ಜೆಲ್ಲಿಫಿನ್ ಮತ್ತು ರೆಸ್ಟಿಕ್: ಮನೆಯ ಸರ್ವರ್‌ನಲ್ಲಿ ಎರಡು ವರ್ಷ ಓಡಿಸಿದ ಮೇಲೆ

ಚಿಕ್ಕ ಗಾತ್ರದ ಒಂದು ಕಂಪ್ಯೂಟರ್, ಅದರೊಳಗೆ ಸಿಸ್ಟಮ್‌ಗೆಂದು ಒಂದು ಎಸ್‌ಎಸ್‌ಡಿ, ಚಲನಚಿತ್ರ, ಸಂಗೀತ ಮತ್ತು ಮನೆಯ ಫೋಟೋಗಳಿಗೆಂದು ಒಂದು ದೊಡ್ಡ ಹಾರ್ಡ್ ಡಿಸ್ಕ್, ಬ್ಯಾಕಪ್‌ಗೆಂದು ಹೊರಗಿನಿಂದ ಜೋಡಿಸಿದ ಇನ್ನೊಂದು ಡಿಸ್ಕ್: ನನ್ನ ಮನೆಯ ಸರ್ವರ್ ಇಷ್ಟೇ. ಅದರ ಮೇಲೆ ಲಿನಕ್ಸ್ ಮತ್ತು ಡಾಕರ್ (ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣಗಳಲ್ಲಿ ಓಡಿಸುವ ತಂತ್ರಾಂಶ) ಹಾಕಿ, ಎರಡು ವರ್ಷಗಳಿಂದ ಮೀಡಿಯಾ ಸರ್ವರ್ ಆಗಿ, ಅಂದರೆ ಚಿತ್ರ, ಸಂಗೀತಗಳನ್ನು ಟಿವಿ ಮತ್ತು ಬ್ರೌಸರ್‌ಗೆ ಒದಗಿಸಲು, ಜೆಲ್ಲಿಫಿನ್ ಅನ್ನೂ ಬ್ಯಾಕಪ್‌ಗೆ ರೆಸ್ಟಿಕ್ ಅನ್ನೂ ಕಂಟೇನರ್‌ಗಳಲ್ಲಿ ಓಡಿಸುತ್ತಿದ್ದೇನೆ. ಎಲ್ಲವೂ ಸರಿಯಾಗಿರುವಾಗ ಈ ಎರಡನ್ನೂ ಹೊಗಳುವುದು ಸುಲಭ. ಆದರೆ ಮನೆಯ ಸರ್ವರ್‌ಗೆ ಬೇರೆ ಆಡಳಿತಗಾರರಿರುವುದಿಲ್ಲ; ಕೆಟ್ಟರೆ ಕುಳಿತು ಸರಿಪಡಿಸಬೇಕಾದವರು ನಾವೇ. ಆದ್ದರಿಂದ ಏನಾದರೂ ಎಡವಟ್ಟಾದಾಗ ಅದರ ಮೂಲವನ್ನು ಪತ್ತೆ ಹಚ್ಚಲು ಈ ತಂತ್ರಾಂಶಗಳು ಎಷ್ಟರಮಟ್ಟಿಗೆ ನೆರವಾಗುತ್ತವೆ ಎಂಬ ಒಂದೇ ಅಳತೆಗೋಲಿನಿಂದ ಇಲ್ಲಿ ಎರಡನ್ನೂ ಅಳೆದಿದ್ದೇನೆ.

ಜೆಲ್ಲಿಫಿನ್ ಹುಟ್ಟಿದ್ದು 2018ರ ಡಿಸೆಂಬರ್‌ನಲ್ಲಿ. ಎಂಬಿ ಎಂಬ ಮೀಡಿಯಾ ಸರ್ವರ್ ತನ್ನ ಮೂಲ ಸಂಕೇತವನ್ನು ಮುಚ್ಚಿದಾಗ, ಅದರ ಮುಕ್ತ ಆವೃತ್ತಿಯನ್ನು ಕವಲೊಡೆಸಿಕೊಂಡು ಸ್ವಯಂಸೇವಕರು ಇದನ್ನು ಬೆಳೆಸಿದರು. ಹಣ ಕೊಟ್ಟರೆ ಮಾತ್ರ ತೆರೆದುಕೊಳ್ಳುವ ಸೌಲಭ್ಯ ಎಂಬುದು ಇದರಲ್ಲಿ ಇಲ್ಲವೇ ಇಲ್ಲ, ಹೊರಗಿನ ಯಾವ ಖಾತೆಯನ್ನೂ ಇದು ಕೇಳುವುದಿಲ್ಲ. ಕಾನ್ಫಿಗ್, ಕ್ಯಾಶ್ ಮತ್ತು ಮೀಡಿಯಾ ಎಂಬ ಮೂರು ಫೋಲ್ಡರ್‌ಗಳನ್ನು ಕಂಟೇನರ್‌ಗೆ ತೋರಿಸಿ 8096ನೆಯ ಪೋರ್ಟ್ ತೆರೆದರೆ ಬ್ರೌಸರ್‌ನಲ್ಲಿ ಸ್ವಾಗತದ ಪುಟ ಬರುತ್ತದೆ. ಅಲ್ಲಿಯವರೆಗಿನ ದಾರಿ ಸಲೀಸು.

ಮೊದಲ ಎಡವಟ್ಟು ಅನುಮತಿಯದು. ಕಂಟೇನರ್ ಅನ್ನು ರೂಟ್ (ಎಲ್ಲ ಅಧಿಕಾರವುಳ್ಳ ಬಳಕೆದಾರ) ಆಗಿ ಓಡಿಸಬಾರದೆಂದು ನಾನು ಬಳಕೆದಾರನ ಸಂಖ್ಯೆಯನ್ನು 1000 ಎಂದು ಕೊಟ್ಟಿದ್ದೆ. ಲೈಬ್ರರಿ ಸೇರಿಸಿದೆ, ಸ್ಕ್ಯಾನ್ ಮುಗಿಯಿತು, ಆದರೆ ಅರ್ಧ ಫೋಲ್ಡರ್‌ಗಳು ಕಾಣಿಸಲೇ ಇಲ್ಲ. ಹೊರಗಿನಿಂದ ನೋಡಿದರೆ ಫೈಲ್‌ಗಳೆಲ್ಲ ಇದ್ದ ಜಾಗದಲ್ಲೇ ಇದ್ದವು. ಆ ದಿನ ಕಲಿತ ಅಭ್ಯಾಸವನ್ನು ಇಂದಿಗೂ ಬಿಟ್ಟಿಲ್ಲ: ಸಂದೇಹ ಬಂದ ಕೂಡಲೇ ಡಾಕರ್ ಎಕ್ಸೆಕ್ ಆಜ್ಞೆಯ ಮೂಲಕ ಕಂಟೇನರ್‌ನ ಒಳಕ್ಕೆ ಹೋಗಿ, ಅದರ ಕಣ್ಣಿನಿಂದಲೇ ಆ ಫೋಲ್ಡರ್ ಅನ್ನು ನೋಡುವುದು. ಒಳಗೆ ಹೋಗಿ ಫೈಲ್‌ಗಳ ಪಟ್ಟಿ ತೋರಿಸುವ ಎಲ್‌ಎಸ್ ಆಜ್ಞೆ ಕೊಟ್ಟಾಗ 'ಪರ್ಮಿಷನ್ ಡಿನೈಡ್' ಎಂಬ ಉತ್ತರ ತಕ್ಷಣ ಬಂತು. ಬೇರೊಂದು ಪ್ರೋಗ್ರಾಂ ರೂಟ್ ಹೆಸರಿನಲ್ಲಿ ಸೃಷ್ಟಿಸಿದ್ದ ಫೋಲ್ಡರ್‌ಗಳು ಅವು; ಒಳಗಿದ್ದ ಫೈಲ್‌ಗಳನ್ನು ಓದಲು ಅನುಮತಿ ಇದ್ದರೂ ಮೇಲಿನ ಫೋಲ್ಡರ್ ದಾಟಲು ಅನುಮತಿ ಇರಲಿಲ್ಲ. ಜೆಲ್ಲಿಫಿನ್‌ನ ಲಾಗ್‌ನಲ್ಲಿಯೂ ಇದೇ ಸಂಗತಿ ಫೋಲ್ಡರ್‌ನ ಪೂರ್ಣ ವಿಳಾಸದೊಂದಿಗೆ ದಾಖಲಾಗಿತ್ತು, ನಾನು ನೋಡಿರಲಿಲ್ಲ ಅಷ್ಟೆ.

ಜೆಲ್ಲಿಫಿನ್‌ನ ನಿಜವಾದ ಹೆಚ್ಚುಗಾರಿಕೆ ಕಾಣಿಸುವುದು ಟ್ರಾನ್ಸ್‌ಕೋಡಿಂಗ್ ವಿಷಯದಲ್ಲಿ, ಅಂದರೆ ವಿಡಿಯೊವನ್ನು ನೋಡುವ ಸಾಧನಕ್ಕೆ ಒಗ್ಗುವ ರೂಪಕ್ಕೆ ಆಗಿಂದಾಗಲೇ ಬದಲಿಸುವುದರಲ್ಲಿ. ಟಿವಿಯಲ್ಲಿ ಚಿತ್ರ ತಡವರಿಸುತ್ತ ಓಡಿ ಸರ್ವರ್‌ನ ಫ್ಯಾನ್ ಜೋರಾಗಿ ಸದ್ದು ಮಾಡತೊಡಗಿದರೆ, ಡ್ಯಾಶ್‌ಬೋರ್ಡ್ ತೆರೆದು ಓಡುತ್ತಿರುವ ಚಿತ್ರದ ವಿವರವನ್ನು ನೋಡಿದರೆ ಸಾಕು, ಟ್ರಾನ್ಸ್‌ಕೋಡಿಂಗ್ ಯಾಕೆ ನಡೆಯುತ್ತಿದೆ ಎಂಬ ಕಾರಣವನ್ನೇ ಅದು ಹೇಳುತ್ತದೆ: ಆ ಟಿವಿಗೆ ಈ ವಿಡಿಯೊ ಕೋಡೆಕ್ (ವಿಡಿಯೊವನ್ನು ಕುಗ್ಗಿಸಿಡುವ ವಿಧಾನ) ಗೊತ್ತಿಲ್ಲ, ಅಥವಾ ಆಡಿಯೊ ಗೊತ್ತಿಲ್ಲ, ಅಥವಾ ಈ ಬಗೆಯ ಸಬ್‌ಟೈಟಲ್ ತೋರಿಸಲು ಬರುವುದಿಲ್ಲ. ನಮ್ಮಲ್ಲಿ ಬಹಳ ಸಲ ಕಾರಣವಾಗಿದ್ದದ್ದು ಸಬ್‌ಟೈಟಲ್. ಬ್ಲೂರೇಯಿಂದ ಬರುವ ಪಿಜಿಎಸ್ ಸಬ್‌ಟೈಟಲ್‌ಗಳು ಅಕ್ಷರಗಳಾಗಿರದೆ ಚಿತ್ರಗಳಾಗಿರುತ್ತವೆ. ಟಿವಿಗೆ ಅವನ್ನು ತೋರಿಸಲು ಬಾರದಿದ್ದರೆ ಸರ್ವರ್ ಇಡೀ ವಿಡಿಯೊವನ್ನು ಮತ್ತೆ ಎನ್‌ಕೋಡ್ ಮಾಡಿ ಸಬ್‌ಟೈಟಲ್ ಅನ್ನು ದೃಶ್ಯದ ಮೇಲೆಯೇ ಅಚ್ಚೊತ್ತಬೇಕಾಗುತ್ತದೆ. ಅದೇ ಚಿತ್ರಕ್ಕೆ ಅಕ್ಷರಗಳೇ ಆಗಿರುವ ಎಸ್‌ಆರ್‌ಟಿ ರೂಪದ ಸಬ್‌ಟೈಟಲ್ ಇಟ್ಟ ಮೇಲೆ ಪ್ರೊಸೆಸರ್ ತಣ್ಣಗಾಯಿತು.

ಹಾರ್ಡ್‌ವೇರ್ ಟ್ರಾನ್ಸ್‌ಕೋಡಿಂಗ್ ಬೇಕೆಂದರೆ ಗ್ರಾಫಿಕ್ಸ್‌ನ ಸಾಧನವನ್ನು, ಸಾಮಾನ್ಯವಾಗಿ ರೆಂಡರ್ ಡಿ128 ಎಂದಿರುವುದನ್ನು, ಕಂಟೇನರ್‌ಗೆ ಒಪ್ಪಿಸಬೇಕು. ಆದರೆ ಒಪ್ಪಿಸಿದ ಮಾತ್ರಕ್ಕೆ ಅದನ್ನು ಬಳಸುವ ಹಕ್ಕು ಬರುವುದಿಲ್ಲ. ಹೊರಗಿನ ಸಿಸ್ಟಮ್‌ನಲ್ಲಿ ಆ ಸಾಧನ ರೆಂಡರ್ ಎಂಬ ಗುಂಪಿಗೆ ಸೇರಿರುತ್ತದೆ, ಕಂಟೇನರ್‌ನೊಳಗೆ ಗುಂಪುಗಳ ಪಟ್ಟಿಯೇ ಬೇರೆ; ಲಿನಕ್ಸ್‌ನ ತಿರುಳಾದ ಕರ್ನಲ್ ಹೆಸರನ್ನು ನೋಡದೆ ಸಂಖ್ಯೆಯನ್ನು ಮಾತ್ರ ನೋಡುವುದರಿಂದ, ಕಂಟೇನರ್‌ಗಳನ್ನು ಹೇಗೆ ಓಡಿಸಬೇಕೆಂದು ಬರೆದಿಡುವ ಕಂಪೋಸ್ ಫೈಲ್‌ನಲ್ಲಿ ಗುಂಪಿನ ಸಂಖ್ಯೆಯನ್ನೇ ಬರೆಯಬೇಕು. ನನ್ನ ಹಳೆಯ ಯಂತ್ರದಲ್ಲಿ 105 ಇದ್ದ ಸಂಖ್ಯೆ ಹೊಸದರಲ್ಲಿ 993 ಆಗಿತ್ತು, ಹಳೆಯ ಕಂಪೋಸ್ ಫೈಲ್ ಅನ್ನು ಹಾಗೆಯೇ ತಂದಿಟ್ಟಿದ್ದರಿಂದ ಒಂದು ಸಂಜೆ ಹಾಳಾಯಿತು. ಇಲ್ಲಿಯೂ ಜೆಲ್ಲಿಫಿನ್ ನನ್ನನ್ನು ಕತ್ತಲಲ್ಲಿ ಬಿಡಲಿಲ್ಲ. ಪ್ರತಿಯೊಂದು ಟ್ರಾನ್ಸ್‌ಕೋಡಿಂಗ್‌ಗೂ ಆ ಕೆಲಸ ಮಾಡುವ ಎಫ್‌ಎಫ್‌ಎಂಪೆಗ್ ಪ್ರೋಗ್ರಾಂನ ಪ್ರತ್ಯೇಕ ಲಾಗ್ ಫೈಲ್ ಬರೆದಿಡುವ ಅದರ ಕ್ರಮ ಅತ್ಯಂತ ಉಪಕಾರಿ. ಯಾವ ಸಾಧನವನ್ನು ತೆರೆಯಲು ಹೋಗಿ ಸೋತಿತು ಎಂಬುದು ಆ ಫೈಲ್‌ನಲ್ಲಿ ನೇರವಾಗಿ ಬರೆದಿತ್ತು.

ರೆಸ್ಟಿಕ್‌ನ ಸ್ವಭಾವವೇ ಬೇರೆ. 2015ರಿಂದ ಸಾರ್ವಜನಿಕವಾಗಿ ಬೆಳೆದುಬಂದ, ಗೋ ಭಾಷೆಯಲ್ಲಿ ಬರೆದ ಈ ಬ್ಯಾಕಪ್ ತಂತ್ರಾಂಶ ಫೈಲ್‌ಗಳನ್ನು ಅವುಗಳ ಒಳಗಿನ ಮಾಹಿತಿಗೆ ತಕ್ಕಂತೆ ಸರಾಸರಿ 1 ಮೆಗಾಬೈಟ್ ಗಾತ್ರದ ತುಂಡುಗಳಾಗಿ ಕತ್ತರಿಸಿ, ಒಂದೇ ತುಂಡು ಎಷ್ಟು ಸಲ ಬಂದರೂ ಒಂದೇ ಪ್ರತಿಯನ್ನು ಉಳಿಸಿಕೊಂಡು, ಎಲ್ಲವನ್ನೂ ಎಇಎಸ್-256ರಲ್ಲಿ ಗೂಢಲಿಪೀಕರಿಸಿ ಇಡುತ್ತದೆ. ಫೋಲ್ಡರ್‌ಗಳ ಹೆಸರು ಬದಲಿಸಿ ಸಾವಿರಾರು ಫೋಟೋಗಳನ್ನು ಅತ್ತಿಂದಿತ್ತ ಸರಿಸಿದ ದಿನವೂ ಬ್ಯಾಕಪ್ ಡಿಸ್ಕ್ ಹೆಚ್ಚೇನೂ ಉಬ್ಬಲಿಲ್ಲ. ಇದರ ಅಧಿಕೃತ ಇಮೇಜ್ (ಕಂಟೇನರ್ ತಯಾರಾಗುವ ಸಿದ್ಧ ಅಚ್ಚು) ನಾವು ಕೊಟ್ಟ ಒಂದು ಆಜ್ಞೆಯನ್ನು ನಡೆಸಿ ಮುಗಿಯುತ್ತದೆ, ವೇಳಾಪಟ್ಟಿಯನ್ನು ನಾವೇ ನಿಗದಿತ ಹೊತ್ತಿಗೆ ಕೆಲಸ ನಡೆಸುವ ಕ್ರಾನ್‌ನಿಂದ ನೋಡಿಕೊಳ್ಳಬೇಕು. ಹೀಗೆ ಬಂದು ಹೋಗುವ ಕಂಟೇನರ್ ಆಗಿರುವುದೇ ನನ್ನನ್ನು ಬಹಳ ದಿನ ಕಾಡಿದ ಒಂದು ತೊಂದರೆಗೆ ಬೇರಾಯಿತು.

ತೊಂದರೆ ಇದು. ಏಳು ದಿನ, ನಾಲ್ಕು ವಾರ, ಆರು ತಿಂಗಳ ಸ್ನ್ಯಾಪ್‌ಶಾಟ್‌ಗಳನ್ನು (ಒಂದೊಂದು ಸಲ ತೆಗೆದ ಬ್ಯಾಕಪ್‌ನ ಪ್ರತಿಗಳನ್ನು) ಉಳಿಸಿಕೊಂಡು ಉಳಿದವನ್ನು ಅಳಿಸು ಎಂದು ಫರ್‌ಗೆಟ್ ಆಜ್ಞೆಗೆ ಹೇಳಿದ್ದೆ. ಪ್ರತಿ ರಾತ್ರಿಯೂ ಅದು ಯಾವ ದೋಷವೂ ಇಲ್ಲದೆ ಮುಗಿಯುತ್ತಿತ್ತು, ಆದರೂ ಡಿಸ್ಕ್ ತುಂಬುತ್ತಲೇ ಹೋಯಿತು. ಜೊತೆಗೆ, ಏನೂ ಬದಲಾಗದ ದಿನವೂ ಬ್ಯಾಕಪ್ ಗಂಟೆಗಟ್ಟಲೆ ಓಡುತ್ತಿತ್ತು. ಒಂದು ದಿನ ರೆಸ್ಟಿಕ್ ಸ್ನ್ಯಾಪ್‌ಶಾಟ್ಸ್ ಎಂದು ಕೊಟ್ಟು ಪಟ್ಟಿಯನ್ನು ಸಾವಧಾನವಾಗಿ ಓದಿದಾಗ ಹೋಸ್ಟ್ ಎಂಬ ಕಾಲಮ್ ಮೇಲೆ ಕಣ್ಣು ನಿಂತಿತು. ಪ್ರತಿ ಸಾಲಿನಲ್ಲೂ ಹನ್ನೆರಡು ಅಕ್ಷರಗಳ ಒಂದೊಂದು ಹೊಸ ಹೆಸರು. ನಾವೇ ಹೆಸರು ಕೊಡದಿದ್ದರೆ ಡಾಕರ್ ಪ್ರತಿ ಹೊಸ ಕಂಟೇನರ್‌ಗೂ ಅದರ ಗುರುತಿನ ಸಂಖ್ಯೆಯ ಮೊದಲ ಹನ್ನೆರಡು ಅಕ್ಷರಗಳನ್ನೇ ಹೋಸ್ಟ್ ಹೆಸರಾಗಿ ಇಡುತ್ತದೆ. ರೆಸ್ಟಿಕ್ ಸ್ನ್ಯಾಪ್‌ಶಾಟ್‌ಗಳನ್ನು ಹೋಸ್ಟ್ ಮತ್ತು ಫೋಲ್ಡರ್ ಪ್ರಕಾರ ಗುಂಪು ಮಾಡಿ ಪ್ರತಿ ಗುಂಪಿಗೂ ಉಳಿಸುವ ನಿಯಮವನ್ನು ಬೇರೆಬೇರೆಯಾಗಿ ಅನ್ವಯಿಸುತ್ತದೆ. ಮೂವತ್ತು ರಾತ್ರಿಗಳ ಬ್ಯಾಕಪ್ ಅದರ ಲೆಕ್ಕದಲ್ಲಿ ಮೂವತ್ತು ಬೇರೆಬೇರೆ ಕಂಪ್ಯೂಟರ್‌ಗಳದ್ದು; ಪ್ರತಿ ಗುಂಪಿನಲ್ಲೂ ಒಂದೇ ಸ್ನ್ಯಾಪ್‌ಶಾಟ್ ಇದ್ದ ಮೇಲೆ ಅಳಿಸಲು ಏನಿದೆ? ಹಿಂದಿನ ಸ್ನ್ಯಾಪ್‌ಶಾಟ್ ಅನ್ನು ಹುಡುಕುವುದೂ ಇದೇ ಹೆಸರಿನ ಆಧಾರದ ಮೇಲೆ ಆದ್ದರಿಂದ, ಹೋಲಿಸಲು ಹಳೆಯದು ಸಿಗದೆ ಪ್ರತಿ ರಾತ್ರಿಯೂ ಎಲ್ಲ ಫೈಲ್‌ಗಳನ್ನು ಮೊದಲಿನಿಂದ ಓದುತ್ತಿತ್ತು. ಕಂಪೋಸ್ ಫೈಲ್‌ನಲ್ಲಿ ಸ್ಥಿರವಾದ ಹೋಸ್ಟ್ ಹೆಸರು ಬರೆಯುವ ಒಂದು ಸಾಲು ಎರಡೂ ತೊಂದರೆಗಳನ್ನು ನಿವಾರಿಸಿತು. ಗಂಟೆಗಟ್ಟಲೆ ನಡೆಯುತ್ತಿದ್ದ ಕೆಲಸ ಕೆಲವೇ ನಿಮಿಷಗಳಿಗೆ ಇಳಿಯಿತು.

ಇದನ್ನು ರೆಸ್ಟಿಕ್‌ನ ದೋಷವೆಂದು ನಾನು ಹೇಳಲಾರೆ, ಅದು ತನ್ನ ನಿಯಮದಂತೆಯೇ ನಡೆದಿದೆ. ಆದರೆ ಹೇಳದೆ ಇರುವ ಸ್ವಭಾವ ಅದರದು. ಪಟ್ಟಿಯಲ್ಲಿ ಎಲ್ಲವೂ ಇದೆ, ಹೋಗಿ ಓದಬೇಕಾದವರು ನಾವು.

ಇದೇ ಸ್ವಭಾವ ಇನ್ನೂ ಅಪಾಯಕಾರಿಯಾಗಿ ಕಂಡದ್ದು ವಿದ್ಯುತ್ ಹೋಗಿ ಬಂದ ಒಂದು ದಿನ. ಸರ್ವರ್ ತಾನೇ ಎದ್ದುಕೊಂಡಿತು, ಆದರೆ ಮೀಡಿಯಾ ಡಿಸ್ಕ್ ಮೌಂಟ್ ಆಗಲಿಲ್ಲ, ಅಂದರೆ ತನ್ನ ಫೋಲ್ಡರ್‌ನ ಜಾಗಕ್ಕೆ ಜೋಡಣೆಯಾಗಲಿಲ್ಲ. ಮೌಂಟ್ ಆಗಬೇಕಿದ್ದ ಜಾಗದಲ್ಲಿ ಖಾಲಿ ಫೋಲ್ಡರ್ ಇತ್ತು, ಡಾಕರ್ ಅದನ್ನೇ ಎರಡೂ ಕಂಟೇನರ್‌ಗಳಿಗೆ ಕೊಟ್ಟಿತು. ಜೆಲ್ಲಿಫಿನ್‌ನ ತೆರೆಯ ಮೇಲೆ ಚಿತ್ರಗಳ ಹೆಸರುಗಳಿದ್ದವು, ಒತ್ತಿದರೆ ಒಂದೂ ಓಡಲಿಲ್ಲ. ಹೀಗಾಗಿ ಮನೆಯವರು ಕೂಡಲೇ ಬಂದು ಹೇಳಿದರು. ರೆಸ್ಟಿಕ್ ಮಾತ್ರ ಆ ರಾತ್ರಿ ಖಾಲಿ ಫೋಲ್ಡರ್‌ನ ಬ್ಯಾಕಪ್ ತೆಗೆದು, ಯಶಸ್ವಿಯಾಯಿತೆಂದು ಸೊನ್ನೆಯ ಎಕ್ಸಿಟ್ ಕೋಡ್ (ಕೆಲಸ ಹೇಗೆ ಮುಗಿಯಿತೆಂದು ಹೇಳುವ ಸಂಖ್ಯೆ) ಕೊಟ್ಟು ಮುಗಿಸಿತು. ಫೈಲ್ ಓದಲು ಆಗದಿದ್ದರೆ ಅದು 3 ಎಂಬ ಕೋಡ್ ಕೊಟ್ಟು ಎಚ್ಚರಿಸುತ್ತದೆ. ಇಲ್ಲಿ ಓದಲಾಗದ ಫೈಲ್ ಒಂದೂ ಇರಲಿಲ್ಲ, ಫೈಲ್‌ಗಳೇ ಇರಲಿಲ್ಲ. ಹಳೆಯ ಸ್ನ್ಯಾಪ್‌ಶಾಟ್‌ಗಳು ಇದ್ದವಾದ್ದರಿಂದ ನಷ್ಟವಾಗಲಿಲ್ಲ, ಆದರೆ ಯಾರೂ ಚಿತ್ರ ನೋಡದ ಆರು ತಿಂಗಳು ಇದೇ ರೀತಿ ಕಳೆದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದಾಗ ಇಂದಿಗೂ ಎದೆ ಝಲ್ಲೆನ್ನುತ್ತದೆ.

ಡಿಸ್ಕ್ ಅನ್ನು ಕೈಯಾರೆ ಮೌಂಟ್ ಮಾಡಿದ ಮೇಲೂ ಓಡುತ್ತಲೇ ಇದ್ದ ಜೆಲ್ಲಿಫಿನ್ ಕಂಟೇನರ್ ಖಾಲಿ ಫೋಲ್ಡರ್ ಅನ್ನೇ ನೋಡುತ್ತಿತ್ತು ಎಂಬುದನ್ನು ಇಲ್ಲಿ ಹೇಳಬೇಕು, ಏಕೆಂದರೆ ಹಲವರು ಇಲ್ಲಿಯೇ ದಾರಿ ತಪ್ಪುತ್ತಾರೆ. ಕಂಟೇನರ್ ಶುರುವಾದ ನಂತರ ಹೊರಗೆ ಆದ ಮೌಂಟ್ ಸಾಮಾನ್ಯವಾಗಿ ಒಳಕ್ಕೆ ತಲುಪುವುದಿಲ್ಲ, ಕಂಟೇನರ್ ಅನ್ನು ಮತ್ತೆ ಶುರು ಮಾಡಲೇಬೇಕು. ಆನಂತರ ನಾನು ಮಾಡಿಕೊಂಡ ಏರ್ಪಾಡು ಸರಳವಾದದ್ದು: ಡಿಸ್ಕ್ ಮೌಂಟ್ ಆಗದೆ ಡಾಕರ್ ಏಳದಂತೆ, ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರು ಮಾಡುವ ಸಿಸ್ಟಮ್‌ಡಿಗೆ ಹೇಳಿದ್ದೇನೆ, ಮೀಡಿಯಾ ಡಿಸ್ಕ್‌ನ ಬೇರಿನಲ್ಲಿ ಒಂದು ಗುರುತಿನ ಫೈಲ್ ಇಟ್ಟು ಅದು ಕಾಣದಿದ್ದರೆ ಬ್ಯಾಕಪ್ ಸ್ಕ್ರಿಪ್ಟ್ ಅಲ್ಲಿಗೇ ನಿಂತು ನನ್ನ ಫೋನ್‌ಗೆ ಸಂದೇಶ ಕಳಿಸುವಂತೆ ಬರೆದಿದ್ದೇನೆ.

ಇನ್ನು ಲಾಕ್. ಬ್ಯಾಕಪ್ ನಡೆಯುವಾಗ ಕಂಟೇನರ್ ಅರ್ಧಕ್ಕೆ ಸತ್ತರೆ ರೆಪೊಸಿಟರಿಯಲ್ಲಿ (ರೆಸ್ಟಿಕ್ ಬ್ಯಾಕಪ್‌ಗಳನ್ನು ಇಡುವ ಸಂಗ್ರಹದಲ್ಲಿ) ಅದರ ಲಾಕ್, ಅಂದರೆ ಬಳಕೆಯಲ್ಲಿದೆ ಎಂಬ ಗುರುತು, ಉಳಿದುಬಿಡುತ್ತದೆ. ಇದರಿಂದ ಮರುದಿನದ ಬ್ಯಾಕಪ್ ನಿಲ್ಲುವುದಿಲ್ಲ, ಆದರೆ ಬೇಡವಾದ ಮಾಹಿತಿಯನ್ನು ತೆಗೆದುಹಾಕುವ ಪ್ರೂನ್‌ನಂಥ, ಪೂರ್ತಿ ಒಡೆತನ ಬೇಡುವ ಕೆಲಸಗಳು ರೆಪೊಸಿಟರಿಗೆ ಲಾಕ್ ಇದೆಯೆಂದು ಹೇಳಿ ನಿಂತುಬಿಡುತ್ತವೆ. ಬೇರೆ ಯಾವ ರೆಸ್ಟಿಕ್ ಕೂಡ ಓಡುತ್ತಿಲ್ಲವೆಂದು ಖಚಿತಪಡಿಸಿಕೊಂಡು ಅನ್‌ಲಾಕ್ ಕೊಟ್ಟರೆ ಮುಗಿಯಿತು. ಕಂಟೇನರ್ ಯಾಕೆ ಸತ್ತಿತೆಂದು ನೋಡಿದರೆ ಎಕ್ಸಿಟ್ ಕೋಡ್ 137 ಇತ್ತು, ಡಾಕರ್ ಇನ್‌ಸ್ಪೆಕ್ಟ್‌ನಲ್ಲಿ ಮೆಮೊರಿ ಸಾಲದೆ ಕೊಲ್ಲಲಾಯಿತೆಂಬ ಗುರುತೂ ಇತ್ತು. ರೆಪೊಸಿಟರಿಯ ಸೂಚಿಯನ್ನು ರೆಸ್ಟಿಕ್ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ನಾನು ಕಂಟೇನರ್‌ಗೆ ಹಾಕಿದ್ದ ಮಿತಿ ತೀರಾ ಬಿಗಿಯಾಗಿತ್ತು.

ಜೆಲ್ಲಿಫಿನ್‌ನ ಕಾನ್ಫಿಗ್ ಫೋಲ್ಡರ್ ಅನ್ನು ಬ್ಯಾಕಪ್ ಮಾಡುವಾಗ ಒಂದು ಎಚ್ಚರ ಬೇಕು. ಬಳಕೆದಾರರ ಪಟ್ಟಿ, ಯಾರು ಯಾವ ಚಿತ್ರವನ್ನು ಎಲ್ಲಿಯವರೆಗೆ ನೋಡಿದ್ದಾರೆ ಎಂಬ ವಿವರ, ಎಲ್ಲವೂ ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿರುತ್ತದೆ. ಅದು ಬರೆಯುತ್ತಿರುವಾಗಲೇ ಫೈಲ್‌ಗಳನ್ನು ನಕಲಿಸಿದರೆ ಮುಖ್ಯ ಫೈಲ್‌ಗೂ ಹೊಸ ಬದಲಾವಣೆಗಳನ್ನು ಮೊದಲು ಬರೆದಿಡುವ ಪಕ್ಕದ ವಾಲ್ ಫೈಲ್‌ಗೂ ತಾಳೆಯಾಗದ ಪ್ರತಿ ಸಿಗಬಹುದು. ಆದ್ದರಿಂದ ಬ್ಯಾಕಪ್‌ಗೆ ಮುನ್ನ ಜೆಲ್ಲಿಫಿನ್ ಅನ್ನು ನಿಲ್ಲಿಸಿ, ಕಾನ್ಫಿಗ್ ಫೋಲ್ಡರ್‌ನ ಕೆಲಸ ಮುಗಿದ ಕೂಡಲೇ ಮತ್ತೆ ಶುರು ಮಾಡುತ್ತೇನೆ. ನಿಲ್ಲಿಸುವಾಗ ಡಾಕರ್ ಹತ್ತು ಸೆಕೆಂಡ್ ಕಾದು ಆಮೇಲೆ ಬಲವಂತವಾಗಿ ಕೊಲ್ಲುತ್ತದೆ, ಆ ಅವಧಿಯನ್ನು ಒಂದು ನಿಮಿಷಕ್ಕೆ ಹೆಚ್ಚಿಸಿಕೊಂಡಿದ್ದೇನೆ. ಇಮೇಜ್‌ಗೆ ಲೇಟೆಸ್ಟ್ ಎಂಬ ಟ್ಯಾಗ್ ಬಳಸದೆ ಆವೃತ್ತಿಯ ಸಂಖ್ಯೆಯನ್ನೇ ಬರೆಯುವುದು ಕ್ಷೇಮ, ಜೆಲ್ಲಿಫಿನ್ 10.11ರಲ್ಲಿ ಡೇಟಾಬೇಸ್ ನಿಭಾಯಿಸುವ ಭಾಗವೇ ಬದಲಾಗಿದ್ದು, ಒಮ್ಮೆ ಹೊಸದಕ್ಕೆ ಹೋದ ಡೇಟಾಬೇಸ್ ಅನ್ನು ಹಳೆಯ ಆವೃತ್ತಿ ಓದಲಾರದು. ಡಾಕರ್‌ನ ಲಾಗ್‌ಗೆ ಮೊದಲಿನಿಂದ ಯಾವ ಗಾತ್ರದ ಮಿತಿಯೂ ಇರುವುದಿಲ್ಲವೆಂಬುದನ್ನೂ ನೆನಪಿಡಬೇಕು, ಎಸ್‌ಎಸ್‌ಡಿ ಸದ್ದಿಲ್ಲದೆ ತುಂಬುವುದಕ್ಕೆ ಅದೊಂದೇ ಸಾಕು.

ಬ್ಯಾಕಪ್ ತಂತ್ರಾಂಶದ ವಿಮರ್ಶೆಯನ್ನು ಮರಳಿ ಪಡೆಯದೆ ಬರೆಯುವುದು ನ್ಯಾಯವಲ್ಲ. ರೆಸ್ಟಿಕ್ ಚೆಕ್ ಎಂಬ ಆಜ್ಞೆ ಬರಿದೇ ಕೊಟ್ಟರೆ ರೆಪೊಸಿಟರಿಯ ರಚನೆಯನ್ನು ಮಾತ್ರ ಪರೀಕ್ಷಿಸುತ್ತದೆ. ಮಾಹಿತಿಯನ್ನೇ ಓದಿ ನೋಡಬೇಕೆಂದರೆ ರೀಡ್ ಡೇಟಾ ಎಂಬ ಆಯ್ಕೆ ಕೊಡಬೇಕು, ಅಥವಾ ಸಬ್‌ಸೆಟ್ ಆಯ್ಕೆಯಿಂದ ವಾರಕ್ಕೊಂದು ಪಾಲನ್ನು ಓದಿಸಬೇಕು. ಈ ವರ್ಷ ಹಳೆಯದೊಂದು ಲ್ಯಾಪ್‌ಟಾಪ್ ಮೇಲೆ ಡಾಕರ್ ಹಾಕಿ, ಬ್ಯಾಕಪ್ ಡಿಸ್ಕ್ ಜೋಡಿಸಿ, ಕಂಪೋಸ್ ಫೈಲ್, ಕಾನ್ಫಿಗ್ ಫೋಲ್ಡರ್ ಮತ್ತು ಒಂದಿಷ್ಟು ಚಿತ್ರಗಳನ್ನು ರಿಸ್ಟೋರ್ ಮಾಡಿದೆ. ಹೊರಗಿನ ಫೋಲ್ಡರ್‌ಗಳು ಬೇರೆ ಜಾಗದಲ್ಲಿದ್ದರೂ ಕಂಟೇನರ್‌ನೊಳಗಿನ ವಿಳಾಸಗಳು ಮೊದಲಿನಂತೆಯೇ ಇದ್ದುದರಿಂದ ಡೇಟಾಬೇಸ್‌ಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಬ್ರೌಸರ್ ತೆರೆದೆ, ಹಿಂದಿನ ರಾತ್ರಿ ಅರ್ಧಕ್ಕೆ ಬಿಟ್ಟಿದ್ದ ಚಿತ್ರ ನಿಲ್ಲಿಸಿದ ದೃಶ್ಯದಿಂದಲೇ ಮುಂದುವರಿಯಿತು.

ಮೊದಲ ಬಾರಿಗೆ ಮನೆಯಲ್ಲಿ ಸರ್ವರ್ ಇಡುವವರಿಗೆ ಜೆಲ್ಲಿಫಿನ್ ಅನ್ನು ಯಾವ ಅಳುಕೂ ಇಲ್ಲದೆ ಶಿಫಾರಸು ಮಾಡುತ್ತೇನೆ. ರೆಸ್ಟಿಕ್ ಅನ್ನೂ ಮಾಡುತ್ತೇನೆ, ಆದರೆ ವಾರಕ್ಕೊಮ್ಮೆ ಸ್ನ್ಯಾಪ್‌ಶಾಟ್‌ಗಳ ಪಟ್ಟಿಯನ್ನು ತಾವೇ ಓದಲು ಸಿದ್ಧರಿರುವವರಿಗೆ, ಮತ್ತು ಅದರ ಪಾಸ್‌ವರ್ಡ್ ಅನ್ನು ಆ ಸರ್ವರ್‌ನಿಂದ ಹೊರಗೆ, ಕಾಗದದ ಮೇಲಾದರೂ ಸರಿ, ಬರೆದಿಟ್ಟುಕೊಳ್ಳುವವರಿಗೆ. ಅದು ಕಳೆದುಹೋದರೆ ರೆಪೊಸಿಟರಿಯನ್ನು ತೆರೆಯಲು ಬೇರೆ ಯಾವ ದಾರಿಯೂ ಇಲ್ಲ.