ಹ್ಯಾಂಕ್ ವಿಲಿಯಮ್ಸ್‌ನ 40 ಹಾಡು: ಯಾವುದನ್ನು ಕೊಳ್ಳಬೇಕು, ಹೇಗೆ ಕೇಳಬೇಕು

ಅಮೆರಿಕದ ಕಂಟ್ರಿ ಸಂಗೀತವನ್ನು ಬುಡದಿಂದ ಕೇಳಬೇಕು ಅಂತ ಹೊರಟವರಿಗೆ ಹಾಡುಗಾರ ಹ್ಯಾಂಕ್ ವಿಲಿಯಮ್ಸ್ ಹೆಸರು ಬೇಗ ಸಿಗುತ್ತದೆ. ಅವನ ಸರಿಯಾದ ರೆಕಾರ್ಡ್ ಮಾತ್ರ ಅಷ್ಟು ಬೇಗ ಸಿಗುವುದಿಲ್ಲ. ಅವವೇ ಹಾಡುಗಳನ್ನು ಹಿಂದೆ ಮುಂದೆ ಮಾಡಿ ಜೋಡಿಸಿದ ಸಂಕಲನಗಳು ರಾಶಿ ಬಿದ್ದಿವೆ. ಆ ರಾಶಿಯಲ್ಲಿ ಮೊದಲು ಎತ್ತಿಕೊಳ್ಳಬೇಕಾದದ್ದು ಪಾಲಿಡಾರ್ ಕಂಪನಿ 1978ರಲ್ಲಿ ತಂದ 'ಫಾರ್ಟಿ ಗ್ರೇಟೆಸ್ಟ್ ಹಿಟ್ಸ್'. ಎರಡು ಎಲ್‌ಪಿ (ದೊಡ್ಡ ತಟ್ಟೆ), ಬದಿಗೆ ಹತ್ತರಂತೆ 40 ಹಾಡು. ಆಮೇಲೆ ಸಿ.ಡಿ.ಯಾಗಿಯೂ ಬಂತು. ಕೊರತೆಗಳಿವೆ, ಅವುಗಳ ಮಾತು ಮುಂದೆ. ಆದರೂ ಮೊದಲ ಖರೀದಿ ಇದೇ ಆಗಲಿ.

ಯಾಕೆಂದರೆ ಇದರಲ್ಲಿ ಬಹುತೇಕ ಕೇಳುವುದು ವಿಲಿಯಮ್ಸ್ ಹಾಡಿದ್ದು, ಅವನು ಸತ್ತ ಮೇಲೆ ಬೇರೆಯವರು ಅದರ ಮೇಲೆ ಬಳಿದದ್ದಲ್ಲ. 1953ರ ಜನವರಿ 1ರಂದು, 29ನೇ ವಯಸ್ಸಿಗೆ, ಅವನು ತೀರಿಕೊಂಡಾಗ ಅವನ ರೆಕಾರ್ಡ್ ತರುತ್ತಿದ್ದ ಎಂಜಿಎಂ ಕಂಪನಿಯ ಹತ್ತಿರ ಉಳಿದದ್ದು ಎಣಿಸಿ ಮುಗಿಸಬಹುದಾದಷ್ಟು ಧ್ವನಿಮುದ್ರಣಗಳು. ಬೇಡಿಕೆಯೋ ಇಳಿಯಲೇ ಇಲ್ಲ. 1960ರ ದಶಕದಲ್ಲಿ ಸ್ಟೀರಿಯೊ ಫ್ಯಾಷನ್ ಆದಾಗ ಹಳೆಯ ಮೊನೊ (ಎರಡೂ ಕಿವಿಗೆ ಒಂದೇ ಸದ್ದು ಕೊಡುವ) ಹಾಡುಗಳಿಗೆ ವಯಲಿನ್ ತಂಡ ಕೂಡಿಸಿದರು, ಕೆಲವನ್ನು ಯಂತ್ರದಲ್ಲಿ ಎರಡಾಗಿ ಸೀಳಿ 'ಸ್ಟೀರಿಯೊ' ಅಂತ ಮಾರಿದರು. ಮೂರು ನಾಲ್ಕು ತಂತಿವಾದ್ಯಗಳ ನಡುವೆ ಒಂಟಿಯಾಗಿ ನಿಲ್ಲಬೇಕಾದ ದನಿ ಸಕ್ಕರೆ ಪಾಕದಲ್ಲಿ ಮುಳುಗಿತು. 1978ರ ಈ ಸಂಕಲನ ಆ ಪಾಕವನ್ನು ತೊಳೆದು ಮೂಲದ ಮೊನೊ ಮುದ್ರಣಗಳಿಗೆ ಮರಳಿತು. ಇದರ ಬೆಲೆ ಇರುವುದು ಅಲ್ಲಿಯೇ.

ಕೈಯಲ್ಲಿರುವ ಪ್ರತಿ ಅಥವಾ ಫೋನಿನಲ್ಲಿ ಸಿಕ್ಕ ಹಾಡು ಅಸಲಿಯೋ ಬಳಿದದ್ದೋ ಅಂತ ತಿಳಿಯಲು ಒಂದು ಇಯರ್‌ಫೋನ್ ಸಾಕು. ಅಸಲಿ ಮೊನೊ ಆದರೆ ದನಿ ತಲೆಯ ನಟ್ಟನಡುವೆ ಕೂರುತ್ತದೆ, ವಾದ್ಯಗಳೂ ಅಲ್ಲೇ ಅದರ ಬೆನ್ನಿಗಿರುತ್ತವೆ. ಸೀಳಿದ ಸ್ಟೀರಿಯೊ ಆದರೆ ಒಂದು ಕಿವಿಗೆ ದಪ್ಪ ಸ್ವರ, ಇನ್ನೊಂದಕ್ಕೆ ಚೂಪು ಸ್ವರ ಹಂಚಿಹೋಗಿ, ಮಧ್ಯದಲ್ಲಿ ಖಾಲಿ ಕೊಡ ಬಡಿದಂತೆ ಕೇಳುತ್ತದೆ. ಎರಡನೇ ಗುರುತು ಪಿಟೀಲು. ಮೂಲದಲ್ಲಿ ಪಿಟೀಲು ಒಂದು ಅಥವಾ ಎರಡು. ಕಮಾನು ತಂತಿಗೆ ಉಜ್ಜುವ ಒರಟು ಗೊತ್ತಾಗುತ್ತದೆ. ಹಿನ್ನೆಲೆಯಲ್ಲಿ ಹತ್ತಾರು ಪಿಟೀಲು ಒಟ್ಟಿಗೆ ಅಲೆಯಂತೆ ಏರಿಬಂದರೆ ಆ ಟ್ರ್ಯಾಕ್ ಬಿಟ್ಟು ಮುಂದೆ ಹೋಗಿ.

ಹಾಡುಗಳು ಬಹುತೇಕ ಕಾಲಕ್ರಮದಲ್ಲಿವೆ. ಹಾಗಾಗಿ ಮೊದಲ ಬದಿಯಿಂದ ಕೊನೆಯ ಬದಿಗೆ ಹೋಗುವಷ್ಟರಲ್ಲಿ ಒಂದು ಜೀವನವನ್ನೇ ದಾಟಿದಂತಾಗುತ್ತದೆ. ಅಲಬಾಮಾದ ಮೌಂಟ್ ಆಲಿವ್‌ನಲ್ಲಿ 1923ರ ಸೆಪ್ಟೆಂಬರ್ 17ರಂದು ಹುಟ್ಟಿದ ಹುಡುಗ; ಹುಟ್ಟುವಾಗಲೇ ಬೆನ್ನುಮೂಳೆಯಲ್ಲಿ ದೋಷ. ಗಿಟಾರಿನ ಪಾಠ ಕಲಿತದ್ದು ರೂಫಸ್ ಪೇನ್ ಎಂಬ ಕಪ್ಪು ಬೀದಿ ಹಾಡುಗಾರನಿಂದ. ಊರವರು ಅವನನ್ನು ಟೀ ಟಾಟ್ ಎನ್ನುತ್ತಿದ್ದರು. ಮೊದಲ ಹಾಡು 'ಮೂವ್ ಇಟ್ ಆನ್ ಓವರ್' ಕೇಳಿದರೆ ಆ ಗುರುವಿನ ಋಣ ಯಾರೂ ಹೇಳದೆಯೇ ಗೊತ್ತಾಗುತ್ತದೆ. ಹೆಂಡತಿ ಬಾಗಿಲು ಹಾಕಿಕೊಂಡಾಗ ನಾಯಿಯ ಗೂಡಿಗೆ ಹೋಗಿ, ಸ್ವಲ್ಪ ಸರಿ ಮಾರಾಯಾ ಅಂತ ನಾಯಿಗೇ ಹೇಳುವ ಹಾಡು ಅದು. ರಾಗ ಪೂರ್ತಿ ಕಪ್ಪು ಜನರ ಬ್ಲೂಸ್, ಮಾತು ಪೂರ್ತಿ ಹಳ್ಳಿ.

ಅವನನ್ನು ದೇಶಕ್ಕೆಲ್ಲ ಪರಿಚಯಿಸಿದ 'ಲವ್‌ಸಿಕ್ ಬ್ಲೂಸ್' ಮಾತ್ರ ಅವನು ಬರೆದದ್ದಲ್ಲ. 1922ರ ರಂಗಗೀತೆ ಅದು, ಕ್ಲಿಫ್ ಫ್ರೆಂಡ್ ಮತ್ತು ಅರ್ವಿಂಗ್ ಮಿಲ್ಸ್ ಅವರದು. 1948ರ ಡಿಸೆಂಬರ್‌ನಲ್ಲಿ ಸಿನ್ಸಿನಾಟಿಯ ಹರ್ಜಾಗ್ ಸ್ಟುಡಿಯೋದಲ್ಲಿ ಇದನ್ನು ಹಾಡುತ್ತೇನೆ ಅಂದಾಗ ಅವನ ಹಾಡುಗಳ ಪ್ರಕಾಶಕ ಫ್ರೆಡ್ ರೋಸ್‌ಗೆ ಸ್ವಲ್ಪವೂ ಇಷ್ಟವಿರಲಿಲ್ಲ. ಹಾಡು ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯ ತುದಿಯಲ್ಲಿ 16 ವಾರ ಕೂತಿತು. 1949ರ ಜೂನ್ 11ರಂದು ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಕಂಟ್ರಿ ಸಂಗೀತದ ರೇಡಿಯೋ ಕಾರ್ಯಕ್ರಮದ ವೇದಿಕೆಯಲ್ಲಿ ಇದನ್ನು ಹಾಡಿದಾಗ ಜನ ಆರು ಸಲ ಮತ್ತೆ ಮತ್ತೆ ಕರೆದರು ಅನ್ನುವ ಮಾತು ಇಂದಿಗೂ ಓಡಾಡುತ್ತದೆ. ರೆಕಾರ್ಡಿನಲ್ಲಿ ಗಮನಿಸಬೇಕಾದದ್ದು ಅವನ ಗಂಟಲು ಒಡೆಯುವ ಜಾಗಗಳು. ಎದೆಯ ದನಿಯಿಂದ ಕಳ್ಳದನಿಗೆ ಹಾರುವಾಗ ನಡುವೆ ಜಾರುಬಂಡೆಯಿಲ್ಲ, ಮೆಟ್ಟಿಲೇ ತಪ್ಪಿದಂತೆ ಒಂದು ಮುರಿತ. ಗಮಕ ಕೇಳಿ ಬೆಳೆದ ಕಿವಿಗೆ ಇದು ಮೊದಲ ಸಲ ತಪ್ಪು ಅನ್ನಿಸಬಹುದು. ನಾಲ್ಕನೇ ಸಲಕ್ಕೆ, ಪ್ರತಿ ಮುರಿತವೂ ಲೆಕ್ಕ ಹಾಕಿದಂತೆ ತಾಳದ ಪೆಟ್ಟಿಗೇ ಬರುತ್ತಿದೆ ಅಂತ ತಿಳಿಯುತ್ತದೆ.

ಇಲ್ಲೇ ಸಂಕಲನದ ಮೊದಲ ಕೊರತೆ. ಹೊಸಬರು ನಲವತ್ತೂ ಅವನೇ ಬರೆದದ್ದು ಅಂದುಕೊಳ್ಳುತ್ತಾರೆ. ಹತ್ತಕ್ಕಿಂತ ಹೆಚ್ಚು ಬೇರೆಯವರವು. 'ಲಾಸ್ಟ್ ಹೈವೇ' ಲಿಯಾನ್ ಪೇನ್‌ನದು, 'ಹಾಫ್ ಆಸ್ ಮಚ್' ಕರ್ಲಿ ವಿಲಿಯಮ್ಸ್‌ನದು, 'ಟೇಕ್ ದೀಸ್ ಚೈನ್ಸ್' ಫ್ರೆಡ್ ರೋಸ್ ಮತ್ತು ಹೈ ಹೀತ್ ಅವರದು. ಗೀತರಚನೆಕಾರ ವಿಲಿಯಮ್ಸ್‌ನನ್ನು ಓದಲು ಕೂರುವವರು ತಟ್ಟೆಯ ಲೇಬಲ್ಲಿನಲ್ಲಿ ಹಾಡಿನ ಕೆಳಗಿರುವ ಸಣ್ಣಕ್ಷರ ನೋಡಲೇಬೇಕು. ಹಾಗಂತ ಆ ಪರರ ಹಾಡುಗಳು ಕಡಿಮೆಯವಲ್ಲ. 'ಲಾಸ್ಟ್ ಹೈವೇ'ಯನ್ನು ಅವನು ಹಾಡಿದ ಮೇಲೆ ಅದು ಇನ್ನೊಬ್ಬನದು ಅಂತ ನೆನಪಿಡುವುದೇ ಕಷ್ಟ.

ಅವನದೇ ಬರವಣಿಗೆಯಲ್ಲಿ ಒಂದನ್ನು ಹತ್ತಿರದಿಂದ ನೋಡಬೇಕಾದರೆ 'ಐಯಾಮ್ ಸೋ ಲೋನ್‌ಸಮ್ ಐ ಕುಡ್ ಕ್ರೈ'. 1949ರ ಆಗಸ್ಟ್ 30, ಮತ್ತೆ ಅದೇ ಸಿನ್ಸಿನಾಟಿ. ಹಾಡಿಗೆ ಪಲ್ಲವಿ ಇಲ್ಲ, ಅನುಪಲ್ಲವಿ ಇಲ್ಲ. ನಾಲ್ಕು ಚರಣ, ಎರಡನೆಯದನ್ನು ಬಿಟ್ಟು ಉಳಿದ ಮೂರೂ ಶೀರ್ಷಿಕೆಯ ಸಾಲಿಗೆ ಬಂದು ನಿಲ್ಲುತ್ತವೆ. ಮೂರು ಮಾತ್ರೆಯ ನಡೆ, ಅಂದರೆ ವಾಲ್ಟ್ಸ್. ಹಕ್ಕಿ, ನಡುರಾತ್ರಿಯ ರೈಲು, ಮೋಡದ ಹಿಂದಿನ ಚಂದ್ರ, ಉದುರುವ ನಕ್ಷತ್ರ: ಹೊರಗಿನದನ್ನೇ ಹೇಳುತ್ತಾ ಹೋಗುತ್ತಾನೆ, ದೂರವಾದವಳನ್ನು ಕುರಿತ 'ನೀನು' ಎಂಬ ಮಾತು ಬರಬೇಕಾದರೆ ಕೊನೆಯ ಚರಣದವರೆಗೆ ಕಾಯಬೇಕು. ಆ ತಡವೇ ಹಾಡಿನ ಜೀವ. ಇದು ಹೊರಬಂದಾಗ ಹಿಟ್ಟಾಗಲು ಹೊರಟ ಹಾಡೂ ಅಲ್ಲ, 'ಮೈ ಬಕೆಟ್ಸ್ ಗಾಟ್ ಎ ಹೋಲ್ ಇನ್ ಇಟ್' ತಟ್ಟೆಯ ಹಿಂಬದಿಗೆ ಹಾಕಿದ್ದು. ಸಂಕಲನದಲ್ಲಿ ಅವೆರಡೂ ಅಕ್ಕಪಕ್ಕ ಇವೆ, ಹೋಲಿಸಿ ನೋಡಬಹುದು.

ಎಲ್‌ಪಿ ಕೊಳ್ಳುವವರಿಗೆ ಒಂದು ಲೆಕ್ಕ. ಆ ಕಾಲದ ಹತ್ತಿಂಚಿನ 78 ಆರ್‌ಪಿಎಂ ತಟ್ಟೆಯಲ್ಲಿ ಹಿಡಿಸುತ್ತಿದ್ದದ್ದೇ ಹೆಚ್ಚುಕಡಿಮೆ ಮೂರು ನಿಮಿಷ, ಹಾಗಾಗಿ ಹಾಡುಗಳು ಬಹುತೇಕ ಎರಡೂವರೆಯಿಂದ ಮೂರು ನಿಮಿಷದವು. ಹತ್ತು ಹಾಡು ಅಂದರೆ ಬದಿಗೆ 26-27 ನಿಮಿಷ. ಎಲ್‌ಪಿಯ ಒಂದು ಬದಿಗೆ 18ರಿಂದ 22 ನಿಮಿಷ ಹಿತ. ಹೆಚ್ಚು ತುರುಕಿದರೆ ಸೂಜಿ ಓಡುವ ಗೀರುಗಳು ಇಕ್ಕಟ್ಟಾಗುತ್ತವೆ, ಸದ್ದಿನ ಮಟ್ಟ ಇಳಿಸಿ ಕೊರೆಯಬೇಕಾಗುತ್ತದೆ. ಪರಿಣಾಮವಾಗಿ ವಾಲ್ಯೂಮ್ ಏರಿಸಬೇಕು, ಏರಿಸಿದರೆ ಧೂಳಿನ ಚಟಪಟವೂ ಏರುತ್ತದೆ. ಇದಕ್ಕೆ ಮದ್ದು ಆಂಪ್ಲಿಫೈಯರ್‌ನ ಮೊನೊ ಗುಂಡಿ. ಮೊನೊ ಹಾಡಿನ ಸಂಗೀತವೆಲ್ಲ ಗೀರಿನ ಅಡ್ಡ ಅಲುಗಾಟದಲ್ಲಿರುತ್ತದೆ. ಧೂಳು ಮತ್ತು ತರಚು ಸೂಜಿಯನ್ನು ಮೇಲೆ ಕೆಳಗೂ ಕುಣಿಸುತ್ತವೆ. ಎರಡು ಚಾನೆಲ್ ಕೂಡಿಸಿದಾಗ ಆ ಮೇಲೆ-ಕೆಳಗಿನ ಸದ್ದು ಒಂದನ್ನೊಂದು ಹೊಡೆದುಹಾಕುತ್ತದೆ. ಗುಂಡಿ ಒತ್ತಿದ ಕ್ಷಣವೇ ವ್ಯತ್ಯಾಸ ಕೇಳುತ್ತದೆ. ಗುಂಡಿ ಇಲ್ಲದ ಆಂಪ್ಲಿಫೈಯರ್ ಆದರೆ ಸಿ.ಡಿ.ಯೇ ವಾಸಿ. ಹಳೆಯ ಪ್ರತಿ ಕೊಳ್ಳುವಾಗ ಬದಿಯ ಕೊನೆಯ ಎರಡು ಹಾಡು ಹಾಕಿ ನೋಡಿ. ಒಳಸುತ್ತಿನಲ್ಲಿ 'ಸ' 'ಷ' ಅಕ್ಷರಗಳು ಉಗುಳಿದಂತೆ ಕೇಳಿದರೆ ಯಾರೋ ಸವೆದ ಸೂಜಿಯಲ್ಲಿ ಉತ್ತಿದ್ದಾರೆ ಅಂತಲೇ ಅರ್ಥ, ತೊಳೆದರೆ ಹೋಗುವಂಥದ್ದಲ್ಲ.

ಎರಡನೇ ಬದಿ 'ಲಾಂಗ್ ಗಾನ್ ಲೋನ್‌ಸಮ್ ಬ್ಲೂಸ್'ನಿಂದ ಶುರುವಾಗುತ್ತದೆ. 1950ರ ಜನವರಿಯ ಮುದ್ರಣ. ಇಲ್ಲಿ ಸದ್ದೇ ಬದಲಾಗುತ್ತದೆ. ಸಿನ್ಸಿನಾಟಿಯ ಹಾಡುಗಳಲ್ಲಿ ಸ್ಟೀಲ್ ಗಿಟಾರ್ (ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಗಿಟಾರ್) ನುಡಿಸಿದವನು ಜೆರ್ರಿ ಬರ್ಡ್, ಅವನ ಕೈ ಮೆತ್ತಗೆ, ದುಂಡಗೆ. ಈಗ ವಿಲಿಯಮ್ಸ್‌ನ ಸ್ವಂತ ತಂಡ ಡ್ರಿಫ್ಟಿಂಗ್ ಕೌಬಾಯ್ಸ್ ಒಳಬಂದಿದೆ: ಸ್ಟೀಲ್ ಗಿಟಾರಿಗೆ ಡಾನ್ ಹೆಲ್ಮ್ಸ್, ಪಿಟೀಲಿಗೆ ಜೆರ್ರಿ ರಿವರ್ಸ್. ಹೆಲ್ಮ್ಸ್ ತಾರಸ್ಥಾಯಿ ಬಿಟ್ಟು ಕೆಳಗಿಳಿಯುವುದೇ ಅಪರೂಪ. ಗಾಯಕನ ದನಿ ಮಧ್ಯದಲ್ಲಿ, ಸ್ಟೀಲ್ ಅದರ ಮೇಲೆ ಸೂಜಿಯಂತೆ; ಇಬ್ಬರೂ ಒಬ್ಬರ ಜಾಗಕ್ಕೆ ಒಬ್ಬರು ಬರುವುದಿಲ್ಲ. ಕಾರಿನ ರೇಡಿಯೋದಲ್ಲಿ, ಕ್ಯಾಂಟೀನಿನ ಗದ್ದಲದಲ್ಲಿ ಎದ್ದು ಕೇಳಿಸುವ ಸದ್ದು ಅದು. ಹೆಚ್ಚಿನ ಹಾಡುಗಳಲ್ಲಿ ಡ್ರಮ್ ಇಲ್ಲ. 'ಚಕ್ ಚಕ್' ಅಂತ ಕೇಳುವುದು ಎಲೆಕ್ಟ್ರಿಕ್ ಗಿಟಾರಿನ ದಪ್ಪ ತಂತಿಗಳನ್ನು ಅಂಗೈಯಿಂದ ಅದುಮಿ ಮೀಟುವ ಪೆಟ್ಟು. ಗಿಟಾರ್ ಕಲಿಯುವವರು ಈ ಪೆಟ್ಟನ್ನು ಹಿಡಿದರೆ ಅರ್ಧ ಕೆಲಸ ಆಯಿತು. ಕೈ ಹೆಚ್ಚು ಒತ್ತಿದರೆ ಸ್ವರವೇ ಸಾಯುತ್ತದೆ, ಕಡಿಮೆಯಾದರೆ ತಂತಿ ಗುಂಯ್‌ಗುಡುತ್ತದೆ. ಅಂಗೈಯ ಅಂಚು ಸರಿಯಾಗಿ ಬ್ರಿಜ್ಜಿನ ಮುಂದೆ ಕೂರಬೇಕು. ಶುರುವಿಗೆ 'ಜಂಬಲಾಯ' ಒಳ್ಳೆಯದು, ಅದಕ್ಕೆ ಬೇಕಾದದ್ದು ಎರಡೇ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗುಚ್ಛ). ರೆಕಾರ್ಡಿನ ಜೊತೆ ನುಡಿಸುವುದಾದರೆ ಟ್ಯೂನರ್ ನಂಬಬೇಡಿ. ಹಳೆಯ ಮುದ್ರಣಗಳ ವೇಗ ಕೂದಲೆಳೆಯಷ್ಟು ಆಚೀಚೆ ಇರಬಹುದು, ಶ್ರುತಿ ರೆಕಾರ್ಡಿಗೇ ಮಾಡಿಕೊಳ್ಳಿ.

ಮೂರನೇ ಬದಿ ಒಟ್ಟು ಸಂಕಲನದ ಅತಿ ಹಗುರ ಮತ್ತು ಅತಿ ಜನಪ್ರಿಯ ಭಾಗ, 'ಹೇ ಗುಡ್ ಲುಕಿನ್' ಇರುವುದೂ ಅಲ್ಲೇ. ಹೆಚ್ಚು ಹೇಳುವುದೇನಿಲ್ಲ, ಹಾಕಿದರೆ ತಾನೇ ಓಡುತ್ತದೆ.

ನಾಲ್ಕನೆಯದು ಭಾರ. 1952 ಅವನ ಪಾಲಿಗೆ ಎಲ್ಲ ಕಡೆಯಿಂದಲೂ ಕುಸಿದ ವರ್ಷ. ಬೆನ್ನಿನ ಶಸ್ತ್ರಚಿಕಿತ್ಸೆಯಿಂದ ನೋವು ಹೋಗಲಿಲ್ಲ, ಹೆಂಡತಿ ಆಡ್ರಿ ಜೊತೆ ವಿಚ್ಛೇದನ ಆಯಿತು, ಕುಡಿದು ಕಾರ್ಯಕ್ರಮ ತಪ್ಪಿಸುತ್ತಾನೆಂದು ಆಗಸ್ಟ್‌ನಲ್ಲಿ ಆಪ್ರಿ ಹೊರಹಾಕಿತು. ಸೆಪ್ಟೆಂಬರ್ 23ರಂದು ನ್ಯಾಶ್‌ವಿಲ್‌ನ ಟುಲೇನ್ ಹೋಟೆಲಿನ ಕ್ಯಾಸಲ್ ಸ್ಟುಡಿಯೋದಲ್ಲಿ ಕೊನೆಯ ಸಲ ಮೈಕಿನ ಮುಂದೆ ನಿಂತ. ಒಂದೇ ಕೂಟದಲ್ಲಿ ನಾಲ್ಕು ಹಾಡು. ಅವುಗಳಲ್ಲಿ 'ಕಾ-ಲೈಗಾ', 'ಯುವರ್ ಚೀಟಿನ್ ಹಾರ್ಟ್', 'ಟೇಕ್ ದೀಸ್ ಚೈನ್ಸ್' ಮೂರೂ ಇಲ್ಲಿವೆ. ದನಿಯಲ್ಲಿ ಸುಸ್ತು ಹುಡುಕಲು ಹೋದರೆ ಸಿಗುವುದಿಲ್ಲ. 'ಕಾ-ಲೈಗಾ'ದಲ್ಲಂತೂ ಚರಣ ದುಗುಡದ ಮೈನರ್ ಸ್ವರಶ್ರೇಣಿಯಲ್ಲಿ, ಪಲ್ಲವಿ ಗೆಲುವಿನ ಮೇಜರಿನಲ್ಲಿ. ಕೊನೆಗೆ ಹಾಡು ನಿಲ್ಲದೆ ಮೆಲ್ಲಗೆ ಕರಗಿಹೋಗುತ್ತದೆ. ಹೊಸದೇನೋ ಮಾಡಿನೋಡುವ ಹುರುಪು ಇನ್ನೂ ಇತ್ತು. ಮೂರೇ ತಿಂಗಳಲ್ಲಿ, ಒಹಾಯೋದ ಕ್ಯಾಂಟನ್‌ನಲ್ಲಿ ಹಾಡಲು ಹೋಗುವ ದಾರಿಯಲ್ಲಿ ಕ್ಯಾಡಿಲಾಕ್ ಕಾರಿನ ಹಿಂದಿನ ಸೀಟಿನಲ್ಲಿ ಅವನು ಸತ್ತಿರುವುದು ಗೊತ್ತಾದದ್ದು ವೆಸ್ಟ್ ವರ್ಜೀನಿಯಾದ ಓಕ್ ಹಿಲ್‌ನಲ್ಲಿ. ಆಗ ಮಾರುಕಟ್ಟೆಯಲ್ಲಿದ್ದ ಅವನ ಹೊಸ ತಟ್ಟೆ, 'ಈ ಲೋಕದಿಂದ ಜೀವಂತ ಪಾರಾಗಲಾರೆ' ಅನ್ನುವ ತಮಾಷೆ ಹಾಡು. ಅದೂ ಇದೇ ಬದಿಯಲ್ಲಿದೆ. ಅದನ್ನು ಭವಿಷ್ಯವಾಣಿ ಮಾಡಿ ಕೇಳಬೇಡಿ. ಬಡವನ ದುರದೃಷ್ಟದ ಮೇಲೆ ಕಟ್ಟಿದ ಹಾಸ್ಯ ಅದು, ಹಾಸ್ಯವಾಗಿ ಕೇಳಿದರೇ ಚೆನ್ನ.

ಇದರಲ್ಲಿ ಇಲ್ಲದ್ದು: 'ಲ್ಯೂಕ್ ದಿ ಡ್ರಿಫ್ಟರ್' ಎಂಬ ಹೆಸರಿಟ್ಟುಕೊಂಡು ಅವನು ಹಿನ್ನೆಲೆ ವಾದ್ಯದ ಮೇಲೆ ಮಾತಾಡಿದ ನೀತಿಯ ಕಥನಗಳು. ಜೂಕ್‌ಬಾಕ್ಸ್ (ಕಾಸು ಹಾಕಿದರೆ ಹಾಡುವ ಪೆಟ್ಟಿಗೆ) ಇಟ್ಟವರು ಹ್ಯಾಂಕ್ ಅಂತ ನಂಬಿ ತಂದು ಮೋಸಹೋಗದಿರಲಿ ಎಂದೇ ಆ ಬೇರೆ ಹೆಸರು. ಭಕ್ತಿಗೀತೆಯೂ ಒಂದೇ ಇದೆ. ರೇಡಿಯೋದಲ್ಲಿ ಮಾತಾಡುತ್ತಾ ನಗುತ್ತಾ ಹಾಡುವ ಮನುಷ್ಯ ಇಲ್ಲಿ ಸಿಗುವುದೇ ಇಲ್ಲ. ಅವನು ಬೇಕಾದರೆ 1951ರಲ್ಲಿ ಡಬ್ಲ್ಯುಎಸ್‌ಎಂ ಕೇಂದ್ರದಿಂದ ಮದರ್ಸ್ ಬೆಸ್ಟ್ ಹಿಟ್ಟಿನ ಕಂಪನಿಗಾಗಿ ಮಾಡಿದ ಹದಿನೈದು ನಿಮಿಷದ ಬೆಳಗಿನ ಕಾರ್ಯಕ್ರಮಗಳ ಸಂಗ್ರಹ ಎರಡನೇ ಖರೀದಿಯಾಗಲಿ. 1998ರಲ್ಲಿ ಬಂದ ಹತ್ತು ಸಿ.ಡಿ.ಯ ಸಮಗ್ರ ಪೆಟ್ಟಿಗೆ ಸಂಶೋಧಕರಿಗೆ. ಹೊಸಬರು ಅದರಿಂದ ಶುರು ಮಾಡಿದರೆ ಮೂರನೇ ಸಿ.ಡಿ.ಗೆ ಸುಸ್ತಾಗುತ್ತಾರೆ.

ನಲವತ್ತನ್ನೂ ಒಂದೇ ಉಸಿರಿಗೆ ಕೇಳುವುದೂ ಬೇಡ. ಒಂದೇ ಉದ್ದ, ಅವವೇ ವಾದ್ಯ, ಹದಿನೈದರ ಹೊತ್ತಿಗೆ ಕಿವಿ ಮೊಂಡಾಗುತ್ತದೆ. ದಿನಕ್ಕೊಂದು ಬದಿ ಸಾಕು. ಕೊನೆಯ ಬದಿ ಮುಗಿದ ದಿನ ಮಾತ್ರ ಒಂದು ಕೆಲಸ ಮಾಡಿ. ನಲವತ್ತನೆಯದಾಗಿ ಇಟ್ಟಿರುವುದು ಆ ಒಂದೇ ಭಕ್ತಿಗೀತೆ, 'ಐ ಸಾ ದಿ ಲೈಟ್'. ಮುಕ್ತಾಯಕ್ಕೆ ಚೆಂದ ಕಾಣಲಿ ಅಂತ ಕಾಲಕ್ರಮ ಮುರಿದು ಅಲ್ಲಿಗೆ ತಂದಿದ್ದಾರೆ. ಅದು ಮುಗಿದ ಕೂಡಲೇ ತಟ್ಟೆ ಬದಲಿಸಿ ಮೊದಲ ಹಾಡು, ನಾಯಿಗೂಡಿನ 'ಮೂವ್ ಇಟ್ ಆನ್ ಓವರ್' ಹಾಕಿ. ಎರಡನ್ನೂ ಹಾಡಿದ್ದು ಒಂದೇ ದಿನ, 1947ರ ಏಪ್ರಿಲ್ 21. ಅದೇ ಕ್ಯಾಸಲ್ ಸ್ಟುಡಿಯೋ, ಎಂಜಿಎಂಗೆ ಅವನ ಮೊದಲ ಮುದ್ರಣ, ವಯಸ್ಸು 23.