ಬರ್ಲಿನ್‌ನ ನ್ಯೂ ಸಿನಗಾಗ್: ಗುಮ್ಮಟ ನೋಡಿ, ಆದರೆ ರೆಗಿನಾ ಯೋನಾಸ್‌ಗಾಗಿ ಒಳಗೆ ಹೋಗಿ

ಬರ್ಲಿನ್‌ಗೆ ಹೋದವರೆಲ್ಲ ಒರಾನಿಯೆನ್‌ಬುರ್ಗರ್ ಸ್ಟ್ರಾಸೆಯ ನ್ಯೂ ಸಿನಗಾಗ್ ಅನ್ನುವ ಯಹೂದಿ ಪ್ರಾರ್ಥನಾ ಮಂದಿರದ ಬಂಗಾರದ ಬಣ್ಣದ ಗುಮ್ಮಟದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನ ಪರಿಚಯದವರಲ್ಲಿ ಹೆಚ್ಚಿನವರು ಅಷ್ಟಕ್ಕೇ ವಾಪಸ್ ಬಂದಿದ್ದಾರೆ. ಒಳಗೆ ಸೆಂಟ್ರುಮ್ ಯುಡಾಯಿಕುಮ್ ಅನ್ನುವ ಮ್ಯೂಸಿಯಂ ಇದೆ, ಜೊತೆಗೆ ದಾಖಲೆ ಸಂಗ್ರಹವೂ ಇದೆ. ಮೊದಲ ಮಹಿಳಾ ರಬ್ಬಿ, ಅಂದರೆ ಯಹೂದಿ ಧರ್ಮಗುರು, ರೆಗಿನಾ ಯೋನಾಸ್ ಅವರ ಕಾಗದಗಳು ಇರುವುದು ಅಲ್ಲೇ. ಟಿಕೆಟ್ ತೆಗೆದುಕೊಂಡು ಹೋಗುವಷ್ಟು ಅಲ್ಲಿ ಏನಿದೆ ಅಂತ ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಕಡೆಯಿಂದ ಐದಕ್ಕೆ ಐದು.

ನಾನು ಕೆಲಸ ಮಾಡಿದ್ದು ಲೈಬ್ರರಿಯಲ್ಲಿ, ಹಳೆಯ ಕಾಗದಗಳ ವಿಭಾಗದಲ್ಲಿ. ಹಾಗಾಗಿ ಎಲ್ಲಿಗೆ ಹೋದರೂ ನನ್ನ ಕಣ್ಣು ಗೋಡೆಗಿಂತ ಮೊದಲು ಗಾಜಿನ ಪೆಟ್ಟಿಗೆಯ ಒಳಗಿನ ಕಾಗದಕ್ಕೆ ಹೋಗುತ್ತದೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಮೊದಲು ಕಟ್ಟಡದ ಬಗ್ಗೆ. 1866ರಲ್ಲಿ ಪೂರ್ತಿಯಾದಾಗ ಇಲ್ಲಿ 3,200 ಜನ ಕೂರಬಹುದಿತ್ತು. 1930ರಲ್ಲಿ ಐನ್‌ಸ್ಟೈನ್ ಇಲ್ಲಿನ ಒಂದು ಸಂಗೀತ ಕಛೇರಿಯಲ್ಲಿ ಪಿಟೀಲು ನುಡಿಸಿದ್ದರು. 1938ರ ನವೆಂಬರ್‌ನಲ್ಲಿ ನಾಜಿಗಳು ಊರೂರಿನ ಸಿನಗಾಗ್‌ಗಳನ್ನು ಸುಟ್ಟ ರಾತ್ರಿ, ಒಟ್ಟೊ ಬೆಲ್‌ಗಾರ್ಟ್ ಅನ್ನುವ ಸ್ಥಳೀಯ ಪೊಲೀಸ್ ಅಧಿಕಾರಿ ಬೆಂಕಿ ಹಚ್ಚಿದವರನ್ನು ಓಡಿಸಿ ಅಗ್ನಿಶಾಮಕ ದಳವನ್ನು ಕರೆಸಿದರು. ಕಟ್ಟಡ ಆ ರಾತ್ರಿ ಉಳಿಯಿತು. 1943ರಲ್ಲಿ ಬಾಂಬ್ ಬಿತ್ತು. 1958ರಲ್ಲಿ ಪ್ರಾರ್ಥನೆಯ ದೊಡ್ಡ ಸಭಾಂಗಣವನ್ನು ಕೆಡವಿದರು. ಈಗ ನಮಗೆ ಕಾಣುವುದು ಮುಂಭಾಗ ಮತ್ತು ಗುಮ್ಮಟ, 1995ರಲ್ಲಿ ಮತ್ತೆ ತೆರೆದದ್ದು. ಒಳಗೆ ಹೋದರೆ ಗಾಜಿನ ಗೋಡೆಯ ಆಚೆಗೆ ಖಾಲಿ ನೆಲ. ಸಭಾಂಗಣ ಎಷ್ಟು ದೊಡ್ಡದಿತ್ತು ಅಂತ ಕಲ್ಲುಗಳಿಂದ ಗುರುತು ಮಾಡಿದ್ದಾರೆ. ಅದನ್ನು ಮತ್ತೆ ಕಟ್ಟದೆ ಹಾಗೇ ಬಿಟ್ಟದ್ದು ಸರಿಯಾದ ತೀರ್ಮಾನ ಅಂತ ನನಗೆ ಅನ್ನಿಸಿತು.

ಇನ್ನು ಯೋನಾಸ್ ವಿಷಯ. ಪ್ರದರ್ಶನದಲ್ಲಿ ಅವರ ಫೋಟೋ ಇದೆ. ಕಪ್ಪು ನಿಲುವಂಗಿ, ತಲೆಗೆ ಟೋಪಿ, ಕೈಯಲ್ಲಿ ಪುಸ್ತಕ. ನೇರವಾಗಿ ಕ್ಯಾಮೆರಾ ನೋಡುತ್ತಿದ್ದಾರೆ. ಅವರು ಜಗತ್ತಿನಲ್ಲೇ ರಬ್ಬಿಯಾಗಿ ದೀಕ್ಷೆ ಪಡೆದ ಮೊದಲ ಹೆಂಗಸು.

1902ರಲ್ಲಿ ಇದೇ ಬರ್ಲಿನ್‌ನಲ್ಲಿ, ಬಡತನದ ಮನೆಯಲ್ಲಿ ಹುಟ್ಟಿದರು. ಹನ್ನೊಂದು ತುಂಬುವ ಹೊತ್ತಿಗೆ ಅಪ್ಪ ಇಲ್ಲ. ಓದಿ ಟೀಚರ್ ಆದರು. ಆಮೇಲೆ ಯಹೂದಿ ಶಾಸ್ತ್ರಗಳ ಉನ್ನತ ವಿದ್ಯಾಲಯಕ್ಕೆ ಸೇರಿದರು. ಅದು ಸಿನಗಾಗ್‌ನಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಇತ್ತು. ಅಲ್ಲಿ ಬೇರೆ ಹೆಣ್ಣುಮಕ್ಕಳೂ ಓದುತ್ತಿದ್ದರು, ಆದರೆ ಧರ್ಮ ಪಾಠ ಹೇಳುವ ಟೀಚರ್ ಆಗುವುದಕ್ಕೆ. ರಬ್ಬಿ ಆಗಬೇಕು ಅಂತ ಹಟ ಹಿಡಿದವರು ಇವರು. 1930ರಲ್ಲಿ ಒಂದು ಪ್ರಬಂಧ ಬರೆದು ಕೊಟ್ಟರು. ಹೆಣ್ಣು ರಬ್ಬಿಯಾಗಬಹುದಾ ಅನ್ನುವುದೇ ಅದರ ಪ್ರಶ್ನೆ. ಟಾಲ್ಮಡ್ ಅನ್ನುವ ಯಹೂದಿ ಧರ್ಮಗ್ರಂಥ, ಧರ್ಮಶಾಸ್ತ್ರ ಎಲ್ಲವನ್ನೂ ಒಂದೊಂದಾಗಿ ಎಳೆದು ನೋಡಿ, ಕೊನೆಗೆ ಅವರು ಹೇಳಿದ್ದಿಷ್ಟು: ಜನರ ಪೂರ್ವಗ್ರಹ ಒಂದು, ಇಂಥದ್ದು ನೋಡಿ ರೂಢಿ ಇಲ್ಲದಿರುವುದು ಇನ್ನೊಂದು, ಇವೆರಡನ್ನು ಬಿಟ್ಟರೆ ಶಾಸ್ತ್ರದಲ್ಲಿ ಅಡ್ಡಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅವರು ಶಾಸ್ತ್ರವನ್ನು ಬದಿಗೆ ತಳ್ಳಲಿಲ್ಲ. ಅದರ ಒಳಗೇ ಕೂತು ವಾದಿಸಿದರು. ಈ ಒಂದು ಕಾರಣಕ್ಕೆ ನನಗೆ ಅವರ ಮೇಲೆ ಗೌರವ ಜಾಸ್ತಿ.

ಪ್ರಬಂಧಕ್ಕೆ ಒಳ್ಳೆಯ ದರ್ಜೆಯೇ ಬಂತು. ಆದರೆ ಅದನ್ನು ನೋಡಿದ್ದ ಟಾಲ್ಮಡ್ ಪ್ರಾಧ್ಯಾಪಕ ಎಡುವಾರ್ಡ್ ಬಾನೆಟ್ ಅದೇ ವರ್ಷ ತೀರಿಕೊಂಡರು. ಉಳಿದವರು ದೀಕ್ಷೆ ಕೊಡಲು ಮುಂದೆ ಬರಲಿಲ್ಲ. ಐದು ವರ್ಷ ಕಾದ ಮೇಲೆ, 1935ರ ಡಿಸೆಂಬರ್ 27ರಂದು, ಒಫೆನ್‌ಬಾಖ್‌ನ ಉದಾರವಾದಿ ರಬ್ಬಿ ಮಾಕ್ಸ್ ಡೀನೆಮಾನ್ ಪರೀಕ್ಷೆ ಮಾಡಿ ಪ್ರಮಾಣಪತ್ರ ಬರೆದುಕೊಟ್ಟರು. ಇಷ್ಟಾದರೂ 1937ರಲ್ಲಿ ಬರ್ಲಿನ್‌ನ ಯಹೂದಿ ಸಮುದಾಯ ಅವರನ್ನು ಕೆಲಸಕ್ಕೆ ತೆಗೆದುಕೊಂಡದ್ದು ಧರ್ಮ ಪಾಠದ ಟೀಚರ್ ಆಗಿ. ಆಸ್ಪತ್ರೆ ಮತ್ತು ವೃದ್ಧಾಶ್ರಮಗಳಲ್ಲಿ ಇರುವವರಿಗೆ ಸಾಂತ್ವನ ಹೇಳುವುದೂ ಅವರ ಕೆಲಸ. ಬೇರೆ ರಬ್ಬಿಗಳು ದೇಶ ಬಿಟ್ಟರು, ಇಲ್ಲವೇ ಬಂಧನಕ್ಕೆ ಒಳಗಾದರು. ಆಗ ರಬ್ಬಿ ಇಲ್ಲದ ಊರುಗಳಿಗೆ ಇವರನ್ನು ಕಳಿಸಿದರು. ಬ್ರೌನ್‌ಶ್ವೈಗ್, ಗಟಿಂಗೆನ್, ಬ್ರೆಮೆನ್, ಹೀಗೆ.

ಇದೆಲ್ಲ ಇವತ್ತು ನಮಗೆ ಗೊತ್ತಾಗಿದ್ದು ಅವರು ಬಿಟ್ಟುಹೋದ ಒಂದು ಸಣ್ಣ ಕಡತದಿಂದ. 1942ರ ನವೆಂಬರ್ 6ರಂದು ಅವರನ್ನೂ ಅವರ ತಾಯಿಯನ್ನೂ ನಾಜಿಗಳು ಥೆರೇಸಿಯೆನ್‌ಸ್ಟಾಟ್ ಅನ್ನುವ ಯಹೂದಿಗಳ ಬಂಧನ ಶಿಬಿರಕ್ಕೆ ಸಾಗಿಸಿದರು. ಅದಕ್ಕೂ ಮೊದಲು ಅವರ ಕಾಗದಗಳು ಸಮುದಾಯದ ದಾಖಲೆ ಸಂಗ್ರಹ ಸೇರಿದ್ದವು. ಪ್ರಬಂಧದ ಬೆರಳಚ್ಚು ಪ್ರತಿ. ದೀಕ್ಷೆಯ ಪ್ರಮಾಣಪತ್ರ. ಎರಡು ಫೋಟೋ. ಪತ್ರಿಕೆಯ ತುಣುಕುಗಳು. ಜನ ಬರೆದ ಪತ್ರಗಳು. ಹಾಂಬುರ್ಗ್‌ನ ಹಿರಿಯ ರಬ್ಬಿ ಯೋಸೆಫ್ ನಾರ್ಡೆನ್ ಬರೆದ ಪ್ರೀತಿಯ ಪತ್ರಗಳೂ ಅದರಲ್ಲಿವೆ. ಅವರು ಯೋನಾಸ್‌ಗಿಂತ ಮೂವತ್ತು ವರ್ಷಕ್ಕೂ ದೊಡ್ಡವರು. ಮನೆ, ಸಾಮಾನು ಎಲ್ಲವನ್ನೂ ಪಟ್ಟಿ ಮಾಡಿ ಸರ್ಕಾರಕ್ಕೆ ಒಪ್ಪಿಸಬೇಕಾದ ದಿನಗಳು ಅವು. ಅಂಥ ಹೊತ್ತಿನಲ್ಲೂ ತಮ್ಮ ಬದುಕಿನಲ್ಲಿ ಯಾವ ಕಾಗದ ಉಳಿಯಬೇಕು ಅಂತ ಒಬ್ಬರು ಆರಿಸಿ ಇಟ್ಟಿದ್ದಾರೆ. ಕಡತಗಳ ನಡುವೆಯೇ ಕೆಲಸ ಮಾಡಿದ ನನಗೆ ಆ ಆಯ್ಕೆ ಎಷ್ಟು ದೊಡ್ಡದು ಅಂತ ಗೊತ್ತು. ಪ್ರಮಾಣಪತ್ರದ ಪಕ್ಕದಲ್ಲೇ ಪ್ರೇಮಪತ್ರವನ್ನೂ ಇಟ್ಟಿದ್ದಾರಲ್ಲ, ಅದು ನನಗೆ ತುಂಬ ಹಿಡಿಸಿತು.

ಥೆರೇಸಿಯೆನ್‌ಸ್ಟಾಟ್‌ನಲ್ಲೂ ಅವರು ಸುಮ್ನೆ ಕೂರಲಿಲ್ಲ. ಹೊಸದಾಗಿ ಬಂದಿಳಿದವರಿಗೆ ಧೈರ್ಯ ತುಂಬುವ ಕೆಲಸವನ್ನು ಮನೋವೈದ್ಯ ವಿಕ್ಟರ್ ಫ್ರಾಂಕಲ್ ಜೊತೆ ಮಾಡಿದರು. ಉಪನ್ಯಾಸ ಕೊಟ್ಟರು. ಆ ಉಪನ್ಯಾಸಗಳ ವಿಷಯಗಳನ್ನು ಕೈಯಲ್ಲೇ ಬರೆದ ಪಟ್ಟಿ ಅಲ್ಲಿನ ದಾಖಲೆಗಳಲ್ಲಿ ಉಳಿದಿದೆ. 1944ರ ಅಕ್ಟೋಬರ್‌ನಲ್ಲಿ ಅವರನ್ನು ಆಶ್ವಿಟ್ಜ್ ಸಾವಿನ ಶಿಬಿರಕ್ಕೆ ಕಳಿಸಿ ಕೊಂದರು. ವಯಸ್ಸು ನಲವತ್ತೆರಡು.

ಆಮೇಲೆ ದಶಕಗಳ ಮೌನ. ಫ್ರಾಂಕಲ್ ಬದುಕುಳಿದರು. ಯೋನಾಸ್ ಅವರನ್ನು ಬಲ್ಲ, ಅವರಿಗೆ ಪಾಠ ಹೇಳಿದ್ದ ರಬ್ಬಿ ಲಿಯೋ ಬೆಕ್ ಕೂಡ ಬದುಕುಳಿದರು. ಆದರೂ ಯೋನಾಸ್ ಹೆಸರು ಹೊರಗೆ ಬರಲಿಲ್ಲ. 1972ರಲ್ಲಿ ಅಮೆರಿಕದಲ್ಲಿ ಸ್ಯಾಲಿ ಪ್ರೀಸ್ಯಾಂಡ್ ದೀಕ್ಷೆ ಪಡೆದಾಗ ಜಗತ್ತು ಅವರನ್ನೇ ಮೊದಲ ಮಹಿಳಾ ರಬ್ಬಿ ಅಂತ ಬರೆಯಿತು. ಕಡತ ಆಗ ಪೂರ್ವ ಜರ್ಮನಿಯ ದಾಖಲೆಗಳ ನಡುವೆ ಬಿದ್ದಿತ್ತು. ಬರ್ಲಿನ್ ಗೋಡೆ ಬಿದ್ದ ಮೇಲೆ, 1991ರಲ್ಲಿ, ಕಾತರೀನಾ ಫಾನ್ ಕೆಲೆನ್‌ಬಾಖ್ ಅನ್ನುವ ಸಂಶೋಧಕಿಯ ಕೈಗೆ ಸಿಕ್ಕಿತು. ಈಗ ಅದು ಈ ಕಟ್ಟಡದ ಸಂಗ್ರಹದಲ್ಲೇ ಇದೆ. ನೆನಪಿಟ್ಟುಕೊಳ್ಳಬೇಕಾದ ಜನ ಮರೆತರು, ಕಾಗದ ಮರೆಯಲಿಲ್ಲ. ಹಳೆ ಕಾಗದ ಯಾಕೆ ಇಟ್ಟುಕೊಳ್ಳಬೇಕು ಅಂತ ಕೇಳುವವರಿಗೆ ನಾನು ಇನ್ನು ಇದೊಂದನ್ನೇ ಹೇಳುತ್ತೇನೆ.

ಒಂದು ಎಚ್ಚರಿಕೆ. ಈ ಬಡಾವಣೆ ತೋರಿಸುವ ನಡಿಗೆ ಟೂರ್‌ಗಳು ಬೇಕಾದಷ್ಟಿವೆ. ನಾವು ಸೇರಿಕೊಂಡಿದ್ದ ಟೂರ್‌ನಲ್ಲಿ ಗುಮ್ಮಟದ ಕಥೆ ಹೇಳಿದರು, ಕಾಫಿ ಎಲ್ಲಿ ಚೆನ್ನಾಗಿರುತ್ತದೆ ಅಂತಲೂ ಹೇಳಿದರು. ಯೋನಾಸ್ ಹೆಸರೇ ಬರಲಿಲ್ಲ. ಅವರು ಕೊನೆಯ ದಿನಗಳಲ್ಲಿ ಇದ್ದ ಕ್ರೌಸ್ನಿಕ್ ಸ್ಟ್ರಾಸೆ 6 ಅಲ್ಲೇ ಪಕ್ಕದ ರಸ್ತೆ. ಗೋಡೆಗೆ ನೆನಪಿನ ಫಲಕ ಹಾಕಿದ್ದಾರೆ. ಟೂರ್ ಮುಗಿದ ಮೇಲೆ ನಾನು ಮತ್ತು ಮಗಳು ನಾವೇ ಹುಡುಕಿಕೊಂಡು ಹೋದೆವು. ಟೂರ್‌ಗೆ ಕೊಡುವ ದುಡ್ಡನ್ನು ಮ್ಯೂಸಿಯಂ ಟಿಕೆಟ್‌ಗೆ ಕೊಡಿ ಅನ್ನುವುದು ನನ್ನ ಸಲಹೆ.

ಹೋಗುವವರಿಗೆ ಇನ್ನೊಂದೆರಡು ಮಾತು. ಬಾಗಿಲಲ್ಲಿ ವಿಮಾನ ನಿಲ್ದಾಣದ ಹಾಗೆ ತಪಾಸಣೆ ಇರುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಶನಿವಾರ ಸಬ್ಬತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿಯ ದಿನ, ಬಾಗಿಲು ತೆರೆಯುವುದಿಲ್ಲ. ಯಹೂದಿ ಹಬ್ಬಗಳ ದಿನವೂ ಅಷ್ಟೇ. ದೊಡ್ಡ ದೊಡ್ಡ ವಸ್ತುಗಳನ್ನು ನಿರೀಕ್ಷಿಸಬೇಡಿ. ಉಳಿದಿರುವುದೇ ಸ್ವಲ್ಪ, ನಿಧಾನವಾಗಿ ನೋಡಬೇಕು. ಸಂಶೋಧನೆಗೆ ಮೂಲ ಕಾಗದ ಬೇಕಾದವರು ಯಾವ ವಿಷಯ, ಯಾಕೆ ಬೇಕು ಅಂತ ಮೊದಲೇ ಸಂಗ್ರಹದವರಿಗೆ ಬರೆದು ಕೇಳಿ. ಜರ್ಮನ್ ಓದಲು ಬಂದರೆ, ಹೊರಡುವ ಮೊದಲೇ ಅವರ ಪ್ರಬಂಧವನ್ನು ಲೈಬ್ರರಿಯಲ್ಲಿ ಹುಡುಕಿ ಓದಿ. ಅದು ಅಚ್ಚಾಗಿದೆ.