ಎಣ್ಣೆಯ ಕುಸ್ತಿಯೋ, ಎಣ್ಣೆಯಿಲ್ಲದ ಕರಕುಜಾಕೋ?

ತುರ್ಕಿಯ ಸಾಂಪ್ರದಾಯಿಕ ಕುಸ್ತಿಯನ್ನು ಒಮ್ಮೆ ಮಾತ್ರ ನೋಡುವ ಅವಕಾಶವಿರುವವರು ಎಣ್ಣೆಕುಸ್ತಿ ಮತ್ತು ಕರಕುಜಾಕ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ನನ್ನ ಒಲವು ಎಣ್ಣೆಕುಸ್ತಿಯ ಕಡೆಗೆ.

ಗ್ರೀಸ್‌ ಗಡಿಗೆ ಹತ್ತಿರದ ಎದಿರ್ನೆ ನಗರದ ಸರಾಯಿಚಿ ಬಯಲಿನಲ್ಲಿ ಪ್ರತಿ ಬೇಸಿಗೆಯಲ್ಲಿ ನಡೆಯುವ ಕಿರ್ಕ್‌ಪಿನಾರ್ ಎಣ್ಣೆಕುಸ್ತಿ ಉತ್ಸವದ ಮೂಲವನ್ನು ಐತಿಹ್ಯವು 14ನೆಯ ಶತಮಾನದ ಆಟೊಮನ್ ಯೋಧರವರೆಗೆ ಒಯ್ಯುತ್ತದೆ. ಯುನೆಸ್ಕೊ 2010ರಲ್ಲಿ ಇದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಡೋಲು ಮತ್ತು ಜುರ್ನಾ ವಾದ್ಯಗಳ ನಾದದ ನಡುವೆ ಜಜ್ಗಿರ್ ಎಂಬ ಉದ್ಘೋಷಕನು ಪದ್ಯಗಳಲ್ಲಿ ಪೈಲ್ವಾನರನ್ನು ಪರಿಚಯಿಸುತ್ತಾನೆ. ಮೈತುಂಬ ಎಣ್ಣೆ ಹಚ್ಚಿಕೊಂಡವರ ತೋಳನ್ನು ಹಿಡಿದರೆ ಕೈ ಜಾರುವುದರಿಂದ, ಕಿಸ್ಪೆತ್ ಎಂಬ ಬಿಗಿಯಾದ ಚರ್ಮದ ಚಡ್ಡಿಯೊಳಗೆ ಕೈ ತೂರಿಸಿ ಹಿಡಿತ ಸಾಧಿಸುವುದೇ ಇಲ್ಲಿನ ಮುಖ್ಯ ವಿದ್ಯೆಯಾಗಿದೆ. ಎದುರಾಳಿಯ ಹೊಕ್ಕುಳನ್ನು ಆಕಾಶಕ್ಕೆ ತೋರಿಸಿದವನು ಗೆಲ್ಲುತ್ತಾನೆ; ಸತತ ಮೂರು ವರ್ಷ ಅಗ್ರ ಪೈಲ್ವಾನನಾದವನಿಗೆ ಚಿನ್ನದ ಸೊಂಟಪಟ್ಟಿ ಶಾಶ್ವತವಾಗಿ ಸೇರುತ್ತದೆ.

ಕರಕುಜಾಕ್‌ನಲ್ಲಿ ಎಣ್ಣೆಯಿಲ್ಲ. ಕಹ್ರಾಮನ್‌ಮರಾಶ್ ಸೀಮೆಯಲ್ಲಿ ಬಲವಾಗಿ ಬೇರೂರಿರುವ ಇದರ ಪಟ್ಟುಗಳು ಫ್ರೀಸ್ಟೈಲ್ ಕುಸ್ತಿಗೆ ಹತ್ತಿರವಾಗಿವೆ. 1948ರ ಲಂಡನ್ ಒಲಿಂಪಿಕ್ಸ್‌ನ ಚಿನ್ನ ವಿಜೇತ ಯಶಾರ್ ದೋವು ಇಂಥದೇ ಅಖಾಡದಿಂದ ಬಂದವರು. ವೇಗವಾಗಿ ಎತ್ತಿ ಕೆಡವುವ ಪಟ್ಟುಗಳನ್ನು ಬಯಸುವವರಿಗೆ ಇದು ಹಿಡಿಸೀತು, ಆದರೆ ಜಾರುವ ಮೈಮೇಲೆ ಹಿಡಿತ ಸಿಗುವವರೆಗೆ ಕಾಯುವ ತಾಳ್ಮೆಯುಳ್ಳವರು ಎದಿರ್ನೆಗೇ ಹೋಗಲಿ.